ಯಾರು ಮಾಡ್ತಾರ್ರೀ?

ಎಂ.ಎ. ಓದಿದ ಎರಡು ವರ್ಷದ ಕಾಗದಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲೆ ಹಾಕಿದ್ದೆ. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಅದನ್ನು ಕೆಳಗಿಳಿಸಿದೆ. ಮೊದಲು ಕೈಗೆ ಬಂದದ್ದು ಮೊದಲ ಸೆಮಿಸ್ಟರಿನಲ್ಲಿ ನಾನು ಬರೆದುಕೊಟ್ಟ ಮೊದಲ ಮೆಮೊ, ಅಂದರೆ ನೀತಿ ಟಿಪ್ಪಣಿ. ಎರಡೇ ಪುಟ. ಅದರಲ್ಲಿ 14 ಕಡೆ ಕೆಂಪು ಶಾಯಿಯ ಸುತ್ತು.

ಕಾಗುಣಿತ ತಪ್ಪಿದ್ದಕ್ಕೆ ಹಾಕಿದ ಸುತ್ತಲ್ಲ ಅವು. 'ಕ್ರಮ ಕೈಗೊಳ್ಳಲಾಗುವುದು.' 'ಜಾಗೃತಿ ಮೂಡಿಸಲಾಗುವುದು.' 'ಸಮನ್ವಯ ಸಾಧಿಸಲಾಗುವುದು.' ಒಂದೊಂದು 'ಲಾಗುವುದು'ಗೂ ಒಂದೊಂದು ಸುತ್ತು. ಪುಟದ ಕೊನೆಯಲ್ಲಿ ಮೇಡಂ ಬರೆದದ್ದು ಎರಡೇ ಪದ: 'ಯಾರು ಮಾಡ್ತಾರ್ರೀ?'

ಸಾರ್ವಜನಿಕ ನೀತಿ ಮತ್ತು ಜಾಗತಿಕ ಆಡಳಿತ ಓದೋಕೆ ಸೇರಿದಾಗ ನನ್ನ ತಲೆ ತುಂಬ ದೊಡ್ಡ ದೊಡ್ಡ ಮಾತುಗಳಿದ್ದವು. ಹವಾಮಾನ, ಬಡತನ, ಯುದ್ಧ, ಎಲ್ಲವನ್ನೂ ಎರಡು ವರ್ಷದಲ್ಲಿ ಬಗೆಹರಿಸಿ ಹೊರಡುವ ಅಂದಾಜು. ಪ್ರವೇಶದ ಸಂದರ್ಶನದಲ್ಲೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದೆ. ಎದುರಿಗೆ ಕೂತಿದ್ದವರು ನಗಲಿಲ್ಲ. ಅದು ಅವರ ದೊಡ್ಡತನ.

ಮೇಡಂ ಅನುಷ್ಠಾನದ, ಅಂದರೆ ಯೋಜನೆಯನ್ನು ಜಾರಿಗೆ ತರುವುದರ, ಪಾಠ ಶುರು ಮಾಡಿದ್ದು ಅಮೆರಿಕದ ಓಕ್ಲೆಂಡ್ ಕಥೆಯಿಂದ. 1966ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಆ ಊರಿಗೆ ಸುಮಾರು 2.3 ಕೋಟಿ ಡಾಲರ್ ಕೊಡುತ್ತೇವೆ ಅಂತ ಹೇಳಿತು. ಬಂದರು ಬೆಳೆಸೋದು, ನಿರುದ್ಯೋಗಿಗಳಿಗೆ ಕೆಲಸ ಕೊಡೋದು, ಇದು ಉದ್ದೇಶ. ಬೇಡ ಅಂದವರು ಯಾರೂ ಇಲ್ಲ. ಮೂರು ವರ್ಷ ಆದಮೇಲೆ ನೋಡಿದರೆ ಖರ್ಚಾಗಿದ್ದು ಸುಮಾರು 30 ಲಕ್ಷ ಡಾಲರ್. ಅದರಲ್ಲೂ ಬಹುಪಾಲು ಒಂದು ಮೇಲ್ಸೇತುವೆಗೆ ಮತ್ತು ವಾಸ್ತುಶಿಲ್ಪಿಗಳ ಫೀಸಿಗೆ. ಪ್ರೆಸ್‌ಮನ್ ಮತ್ತು ವಿಲ್ಡಾವ್‌ಸ್ಕಿ ಅನ್ನುವ ಇಬ್ಬರು ವಿದ್ವಾಂಸರು ಇದನ್ನು ಬಿಡಿಸಿ ಬಿಡಿಸಿ ನೋಡಿ 1973ರಲ್ಲಿ ಬರೆದರು.

"ಕಳ್ಳ ಯಾರು ಮೇಡಂ?" ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಕಳ್ಳನನ್ನ ಆಮೇಲೆ ಹುಡುಕೋಣ. ಮೊದಲು ಕ್ಯಾಲ್ಕುಲೇಟರ್ ತೆಗೀರಿ," ಅಂದರು. "ಒಂದು ಕೆಲಸಕ್ಕೆ 30 ಕಡೆ ಒಪ್ಪಿಗೆ ಬೇಕು ಅಂದ್ಕೊಳ್ಳಿ. ಒಂದೊಂದು ಕಡೆಯೂ ಒಪ್ಪಿಗೆ ಸಿಗುವ ಸಾಧ್ಯತೆ ನೂರಕ್ಕೆ 95. ಕೆಲಸ ಕೊನೆ ಮುಟ್ಟುತ್ತಾ?" ನಾವೆಲ್ಲ ಖುಷಿಯಿಂದ 90 ಅಂದೆವು, 80 ಅಂದೆವು. ಸರಿ, 0.95 ಅನ್ನು 30 ಸಲ ಗುಣಿಸಿ ಅಂದರು. ತರಗತಿಯಲ್ಲಿ ಗುಂಡಿ ಒತ್ತುವ ಟಕಟಕ ಸದ್ದು ಬಿಟ್ಟು ಬೇರೇನೂ ಇಲ್ಲ. ಉತ್ತರ ಬಂತು: 0.21. ನೂರಕ್ಕೆ 21. ಪಕ್ಕದವನು ಕ್ಯಾಲ್ಕುಲೇಟರ್ ಕೆಟ್ಟಿದೆ ಅಂತ ನನ್ನದನ್ನು ಕಸಿದುಕೊಂಡು ಮತ್ತೆ ಲೆಕ್ಕ ಹಾಕಿದ. ಅದೇ ಉತ್ತರ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಒಪ್ಪುವವರೇ, ಆದರೂ ಐದರಲ್ಲಿ ನಾಲ್ಕು ಸಲ ಕೆಲಸ ಕೆಡುತ್ತೆ. ಇಷ್ಟು ಸುಲಭದ ಗುಣಾಕಾರ ನನ್ನನ್ನು ಅಷ್ಟು ಹೆದರಿಸಿದ್ದು ಅದೇ ಮೊದಲು.

ಸಂಖ್ಯಾಶಾಸ್ತ್ರದ ಪತ್ರಿಕೆಯ ಬಗ್ಗೆ ಜಾಸ್ತಿ ಹೇಳದಿದ್ದರೆ ನನ್ನ ಮರ್ಯಾದೆಗೆ ಒಳ್ಳೆಯದು. ಪಾಸಾದೆ.

ಜಾಗತಿಕ ಆಡಳಿತದ ಪಾಠ ಮಾಡುತ್ತಿದ್ದ ಮೇಷ್ಟ್ರದ್ದು ಬೇರೆ ದಾರಿ. ಮೊದಲ ದಿನವೇ ವಿಶ್ವಸಂಸ್ಥೆಯ ಸನ್ನದಿನ ಪ್ರತಿ ಕೈಗೆ ಕೊಟ್ಟು, "ಇದರಲ್ಲಿ 'ವೀಟೋ' ಅನ್ನೋ ಪದ ಎಲ್ಲಿದೆ ಹುಡುಕಿ" ಅಂದರು. 111 ವಿಧಿಗಳನ್ನು ತಿರುವಿ ಹಾಕಿದೆವು. ಆ ಪದವೇ ಇಲ್ಲ! 27ನೇ ವಿಧಿಯಲ್ಲಿ ಭದ್ರತಾ ಮಂಡಳಿಯ ಕಾಯಂ ಸದಸ್ಯರ ಸಮ್ಮತಿಯ ಮತವೂ ಇರಬೇಕು ಅಂತಿದೆ, ಅಷ್ಟೇ. ಒಬ್ಬರೇ ಬೇಡ ಅಂದು ನಿರ್ಣಯ ಬೀಳಿಸುವ ಇಷ್ಟು ದೊಡ್ಡ ಅಧಿಕಾರ ಅಷ್ಟು ಚಿಕ್ಕ ಮಾತಿನೊಳಗೆ ಕೂತಿದೆ. ಇನ್ನೂ ವಿಚಿತ್ರ ಏನಪ್ಪಾ ಅಂದ್ರೆ, ಅಕ್ಷರಕ್ಕೆ ಅಕ್ಷರ ಓದಿದರೆ ಒಂದು ಕಾಯಂ ಸದಸ್ಯ ರಾಷ್ಟ್ರ ಮತ ಹಾಕದೆ ತಟಸ್ಥವಾಗಿ ಉಳಿದರೂ ನಿರ್ಣಯ ಬಿದ್ದುಹೋಗಬೇಕು. ಆದರೆ ರೂಢಿಯಲ್ಲಿ ಹಾಗಾಗುವುದಿಲ್ಲ. ತಟಸ್ಥವಾಗಿದ್ದರೆ ಅಡ್ಡಿ ಮಾಡಿದಂತೆ ಅಲ್ಲ ಅನ್ನೋದು ಬಳಕೆಯಲ್ಲೇ ಗಟ್ಟಿಯಾಯಿತು. 1971ರಲ್ಲಿ ನಮೀಬಿಯಾ ವಿಷಯದಲ್ಲಿ ಸಲಹೆ ಕೊಡುವಾಗ ಅಂತಾರಾಷ್ಟ್ರೀಯ ನ್ಯಾಯಾಲಯವೂ ಅದನ್ನು ಒಪ್ಪಿಕೊಂಡಿತು. ಬರೆದದ್ದೇ ಒಂದು, ನಡೆದದ್ದೇ ಒಂದು, ಎರಡೂ ಕಾನೂನೇ!

ನನಗೆ ಮರೆಯಲಾಗದ್ದು ಮಾತ್ರ ಎರಡನೇ ವರ್ಷದ ಅಣಕು ಸಂಧಾನ. ಮೂರು ದಿನ. ಒಬ್ಬೊಬ್ಬರಿಗೆ ಒಂದೊಂದು ದೇಶ. ನನ್ನ ಪಾಲಿಗೆ ಬಂದದ್ದು ಒಂದು ಪುಟ್ಟ ದ್ವೀಪ ರಾಷ್ಟ್ರ. ಸಮುದ್ರ ಏರಿದರೆ ನೆಲವೇ ಹೋಗುತ್ತೆ, ಆದ್ದರಿಂದ ಶ್ರೀಮಂತ ದೇಶಗಳು ತಡೆಗೋಡೆಗೆ ಹಣ ಕೊಡಬೇಕು. ನನ್ನ ವಾದ ಇಷ್ಟೇ.

ಇಂಥ ಮಾತುಕತೆಯಲ್ಲಿ ಒಪ್ಪಿಗೆಯಾಗದ ಪದಗಳನ್ನೆಲ್ಲ ಚೌಕ ಬ್ರಾಕೆಟ್ಟಿನೊಳಗೆ ಇಡುತ್ತಾರೆ. ಬ್ರಾಕೆಟ್ ಕಮ್ಮಿಯಾದಷ್ಟೂ ಒಪ್ಪಂದ ಹತ್ತಿರ ಬಂತು ಅಂತ ಲೆಕ್ಕ. ನಮ್ಮ ಕರಡು ಶುರುವಾದಾಗ 41 ಬ್ರಾಕೆಟ್. ಕೊನೆಯ ರಾತ್ರಿ ಹನ್ನೊಂದೂವರೆಗೆ ಎರಡು ಉಳಿದಿದ್ದವು. ಕಣ್ಣು ಎಳೆಯುತ್ತಿತ್ತು. ಶ್ರೀಮಂತ ದೇಶದ ಪಾತ್ರದಲ್ಲಿದ್ದ ಗೆಳೆಯ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. "ನಿನ್ನ ಹಣದ ಸಾಲಿನ ಬ್ರಾಕೆಟ್ ತೆಗೆದುಬಿಡ್ತೀನಿ ಕಣೋ. ಎರಡೇ ಎರಡು ಪದ ಸೇರಿಸ್ತೀನಿ. ಸುಮ್ನೆ, ನಮ್ಮವರ ಸಮಾಧಾನಕ್ಕೆ." ಸೇರಿಸಿದ್ದು 'ಸೂಕ್ತವೆಂದು ಕಂಡಲ್ಲಿ'. ನಾನು ಆಯ್ತು ಅಂದೆ. ಗೆದ್ದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಮೇಡಂ ಕರಡನ್ನು ಗಟ್ಟಿಯಾಗಿ ಓದಿದರು. 'ಅಭಿವೃದ್ಧಿ ಹೊಂದಿದ ದೇಶಗಳು ಸೂಕ್ತವೆಂದು ಕಂಡಲ್ಲಿ ಹಣ ಒದಗಿಸತಕ್ಕದ್ದು.' ಕನ್ನಡಕ ಮೇಲೇರಿಸಿ ನನ್ನ ಕಡೆ ನೋಡಿದರು.

"ಯಾರಿಗೆ ಕಂಡಲ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಗೆಳೆಯ ಮುಖ ತಗ್ಗಿಸಿ ನಗುತ್ತಿದ್ದ. ಎರಡು ಪದದಲ್ಲಿ ನನ್ನ ದ್ವೀಪ ಮುಳುಗಿಹೋಗಿತ್ತು.

ಸಮಾಧಾನ ಮಾಡೋಕೋ, ಉಪ್ಪು ಸವರೋಕೋ, ಅವತ್ತೇ ಪ್ಯಾರಿಸ್ ಕಥೆ ಹೇಳಿದರು. 2015ರ ಡಿಸೆಂಬರ್ 12. ಹವಾಮಾನ ಒಪ್ಪಂದದ ಅಂತಿಮ ಕರಡು ಎಲ್ಲರ ಕೈಗೆ ಬಂದಿದೆ. 4ನೇ ವಿಧಿಯ ಒಂದು ಸಾಲು ಅಮೆರಿಕದವರ ಕಣ್ಣಿಗೆ ಬಿತ್ತು. ಶ್ರೀಮಂತ ದೇಶಗಳು ಮುಂದೆ ನಿಂತು ಹೊಗೆ ಕಡಿಮೆ ಮಾಡುವ ಬಗ್ಗೆ ಹೇಳುವ ಕಡೆ ಅಲ್ಲಿಯವರೆಗೆ 'ಶುಡ್' ಅಂತ ಇದ್ದದ್ದು 'ಶಲ್' ಆಗಿಬಿಟ್ಟಿದೆ. ನಮ್ಮ ಮಾತಿನಲ್ಲಿ ಹೇಳೋದಾದರೆ, 'ಮಾಡಬೇಕು' ಇದ್ದ ಜಾಗದಲ್ಲಿ 'ಮಾಡತಕ್ಕದ್ದು' ಬಂದು ಕೂತಿದೆ. 'ತಕ್ಕದ್ದು' ಅಂದರೆ ಕಟ್ಟುಪಾಡು. ಅದಕ್ಕೆ ಅಮೆರಿಕದ ಸೆನೆಟ್ ಒಪ್ಪಿಗೆ ಬೇಕಾಗುತ್ತೆ, ಅಲ್ಲಿ ಅದು ಸಿಗೋದಿಲ್ಲ ಅಂತ ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಮಾಡಿದ ಕೆಲಸ ಒಂದು ಕ್ರಿಯಾಪದದ ಹತ್ತಿರ ಬಂದು ನಿಂತಿತು. ಆಮೇಲೆ ಅಲ್ಪವಿರಾಮ, ಅಕ್ಷರದೋಷದಂಥ ಸಣ್ಣಪುಟ್ಟ ತಿದ್ದುಪಡಿಗಳ ಜೊತೆ 'ಶಲ್' ಹೋಗಿ ಮತ್ತೆ 'ಶುಡ್' ಅನ್ನೋದನ್ನೂ ಸೇರಿಸಿ ಸಭೆಯಲ್ಲಿ ಓದಿ ಮುಗಿಸಿದರು. ಸಭೆಯ ಅಧ್ಯಕ್ಷ ಲೊರಾಂ ಫೇಬಿಯಸ್ ಹಸಿರು ಬಣ್ಣದ ಪುಟ್ಟ ಸುತ್ತಿಗೆ ಕುಟ್ಟಿದರು. ಒಪ್ಪಂದ ಆಯಿತು.

ಅಪ್ಪಟ ಮೋಸ ಅಂತ ನಮ್ಮಲ್ಲಿ ಅರ್ಧ ಜನ ಕೂಗಾಡಿದರು. ಇಲ್ಲದಿದ್ದರೆ ಒಪ್ಪಂದವೇ ಇರುತ್ತಿರಲಿಲ್ಲ ಅಂತ ಇನ್ನರ್ಧ. ನಾನು ಅವತ್ತು ಕೂಗಾಡಿದವರ ಕಡೆ. ಈಗ ಕೇಳಿದರೆ ಇನ್ನೊಂದು ಕಡೆಗೆ ಹೋಗುತ್ತೇನೆ ಅನ್ನಿಸುತ್ತೆ, ಸ್ವಲ್ಪ ಮುಜುಗರದಿಂದಲೇ.

ಎಲ್ಲವೂ ಹೀಗೆ ನಿರಾಸೆಯ ಕಥೆಯಲ್ಲ. ಯಾರು ಮಾಡ್ತಾರೆ ಅನ್ನೋದಕ್ಕೆ ನೇರ ಉತ್ತರ ನನಗೆ ಸಿಕ್ಕಿದ್ದು ದೊಡ್ಡ ಒಪ್ಪಂದಗಳಲ್ಲಲ್ಲ, ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನುವ ಬೆಟ್ಟದ ಹಳ್ಳಿಯಲ್ಲಿ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಕೊನೆಗೆ ಹಾಳಾಗುತ್ತೆ ಅಂತ 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಎಲಿನಾರ್ ಓಸ್ಟ್ರಮ್ ಹಾಗಾಗದ ಊರುಗಳನ್ನು ಹುಡುಕಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಟೋರ್ಬೆಲ್‌ನಲ್ಲಿ 1517ರ ಒಂದು ನಿಯಮ ಇದೆ: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಡು. ಮೀರಿದರೆ ದಂಡ. ದಂಡ ಹಾಕುವವನು ಊರಿನ ಒಬ್ಬ ಅಧಿಕಾರಿ, ವಸೂಲಾದ ದಂಡದಲ್ಲಿ ಅರ್ಧ ಅವನಿಗೇ. ಓದುತ್ತಾ ಓದುತ್ತಾ ಗ್ರಂಥಾಲಯದಲ್ಲಿ ಒಬ್ಬನೇ ನಕ್ಕುಬಿಟ್ಟೆ. ಎದುರಿನವರು ತಲೆ ಎತ್ತಿ ನೋಡಿದರು. ಈ ನಿಯಮ ಮೇಡಂ ಕೈಗೆ ಸಿಕ್ಕಿದ್ದರೆ ಅದರಲ್ಲಿ ಒಂದೇ ಒಂದು ಕೆಂಪು ಸುತ್ತೂ ಬೀಳುತ್ತಿರಲಿಲ್ಲ, ಅಲ್ವಾ?

ಪ್ರಬಂಧ ಬರೆಯುವಾಗ ಪ್ರತಿ ವಾಕ್ಯವನ್ನೂ ನಿಲ್ಲಿಸಿ ಕರ್ತೃ ಯಾರು ಅಂತ ಕೇಳಿದೆ. 90 ಪುಟದಲ್ಲಿ ಒಂದು 'ಲಾಗುವುದು' ಇಲ್ಲದ ಹಾಗೆ ನೋಡಿಕೊಂಡೆ. ಪೆಟ್ಟಿಗೆಯ ತಳದಲ್ಲಿ ಆ ಕರಡೂ ಸಿಕ್ಕಿತು. ನಿಜವಾಗಿಯೂ ಪುಟಗಳೆಲ್ಲ ಬೆಳ್ಳಗಿವೆ. ಕೆಂಪು ಶಾಯಿ ಇರುವುದು ಕೊನೆಯ ಪುಟದಲ್ಲಿ ಮಾತ್ರ. ಗಡಿಬಿಡಿಯಲ್ಲಿ ರಾತ್ರೋರಾತ್ರಿ ಬರೆದ ಒಂದು ಸಾಲಿಗೆ ದೊಡ್ಡ ಸುತ್ತು: 'ಈ ಕೆಲಸಕ್ಕೆ ಸಹಕರಿಸಿದ ಎಲ್ಲರಿಗೂ ಕೃತಜ್ಞತೆ ಸಲ್ಲಿಸಲಾಗಿದೆ.'

ಪಕ್ಕದಲ್ಲಿ ಅದೇ ಅಕ್ಷರ: 'ಯಾರು? ಯಾರಿಗೆ?'

ಆ ಪುಟ ಮತ್ತೆ ಬರೆದುಕೊಟ್ಟೆ. 11 ಹೆಸರು ಬಂದವು. 'ಸೂಕ್ತವೆಂದು ಕಂಡಲ್ಲಿ' ಅಂದವನದ್ದೂ ಸೇರಿ.