ಕಾರ್ಡ್ ಇಲ್ಲದೆ ಕ್ಲಿಕ್ ಅನ್ನಬಾರದು

ಯಾರಾದರೂ ಹೊಸ ಕ್ಯಾಮೆರಾ ತೋರಿಸೋಕೆ ತಂದರೆ ನಾನು ಮೊದಲು ಲೆನ್ಸ್ ನೋಡೋದಿಲ್ಲ, ಮೆನು ತೆಗೀತೀನಿ. ಮೆಮೊರಿ ಕಾರ್ಡ್ ಇಲ್ಲದಾಗ ಕ್ಲಿಕ್ ಆಗಬೇಕೋ ಬೇಡವೋ ಅನ್ನೋ ಸೆಟ್ಟಿಂಗ್ ಹುಡುಕ್ತೀನಿ: ನಿಕಾನ್ ಆದರೆ ‘ಸ್ಲಾಟ್ ಎಂಪ್ಟಿ ರಿಲೀಸ್ ಲಾಕ್’, ಕ್ಯಾನನ್ ಆದರೆ ‘ರಿಲೀಸ್ ಶಟರ್ ವಿತೌಟ್ ಕಾರ್ಡ್’. ಎಷ್ಟೋ ಮಾಡೆಲ್‌ಗಳು ಕಾರ್ಡ್ ಇಲ್ಲದಿದ್ದರೂ ಶಟರ್ ಬೀಳುವ ಹಾಗೇ ಕಂಪನಿಯಿಂದ ಬರ್ತವೆ. ಅಂಗಡಿಯಲ್ಲಿ ಗಿರಾಕಿ ಒತ್ತಿ ನೋಡೋಕೆ ಅದು ಸರಿ. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗಲ್ಲ. ಬಣ್ಣದ ಕೊಕ್ಕರೆ ಮರಿಗೆ ಗುಟುಕು ಕೊಡ್ತಿರುತ್ತೆ, ಟಕಟಕ ಸದ್ದೂ ಬರುತ್ತೆ, ತೆಗೆದ ಚಿತ್ರ ಪರದೆ ಮೇಲೂ ಕಾಣುತ್ತೆ. ನಿಕಾನ್‌ನಲ್ಲಿ ಅದರ ಜೊತೆ ‘ಡೆಮೊ’ (ಬರೀ ತೋರಿಕೆಗೆ, ಚಿತ್ರ ಉಳಿದಿಲ್ಲ) ಅಂತ ಬರುತ್ತೆ ನಿಜ, ಆ ಬಿಸಿಲಲ್ಲಿ ಓದೋರು ಯಾರು? ಡಿಲೀಟ್ ಆದ ಫೋಟೋನ ಸಾಫ್ಟ್‌ವೇರ್ ಹಾಕಿ ಎಷ್ಟೋ ಸಲ ವಾಪಸ್ ತೆಗೀಬಹುದು. ಕಾರ್ಡಿಗೇ ಇಳಿಯದ ಫೋಟೋನ ಬ್ರಹ್ಮ ಬಂದರೂ ತೆಗೆಯೋಕಾಗಲ್ಲ.

ಹಾಗಾಗಿ ಆ ಸೆಟ್ಟಿಂಗ್‌ನ ನಿಕಾನ್‌ನಲ್ಲಿ ಲಾಕ್‌ಗೆ, ಕ್ಯಾನನ್‌ನಲ್ಲಿ ಆಫ್‌ಗೆ ಹಾಕಿಬಿಡಿ. ಕಾರ್ಡ್ ಇಲ್ಲ ಅಂದರೆ ಕ್ಯಾಮೆರಾ ಮುಷ್ಕರ ಹೂಡುತ್ತೆ.

ಇನ್ನೊಂದು, ಕಾರ್ಡನ್ನ ಲ್ಯಾಪ್‌ಟಾಪಿಗೆ ಹಾಕಿದಾಗ ಒಳಗೆ ಕಾರ್ಡ್ ಇಲ್ಲ ಅನ್ನೋದು ಕಣ್ಣಿಗೆ ಬೀಳಲಿ ಅಂತ ಕ್ಯಾಮೆರಾದ ಕಾರ್ಡ್ ಬಾಗಿಲು ತೆರೆದೇ ಇಡ್ತೀನಿ. ‘ಧೂಳು ಹೋಗುತ್ತೆ ಕಣ್ರೀ’ ಅಂತ ನಮ್ಮನೆಯವಳು ಗೊಣಗ್ತಾಳೆ. ಮೇಲೊಂದು ಬಟ್ಟೆ ಮುಚ್ಚಿದ್ದೀನಿ.