ಪಾಸಿಟ್ರಾನ್ ಮಾಪನದಲ್ಲಿ ತೀವ್ರತೆಯ ಅಂಕಿಯನ್ನು ಓದುವ ಬಗೆ

ಪಾಲಿಮರಿನ ಸರಪಳಿಗಳ ನಡುವೆ ಉಳಿಯುವ, ಒಂದು ನ್ಯಾನೊಮೀಟರಿಗಿಂತಲೂ ಕಿರಿದಾದ ಖಾಲಿ ಜಾಗಗಳನ್ನು, ಅಂದರೆ ಮುಕ್ತ ಗಾತ್ರವನ್ನು, ಅಳೆಯುವುದು ನನ್ನ ಕೆಲಸ. ಪಾಸಿಟ್ರಾನನ್ನು, ಅಂದರೆ ಎಲೆಕ್ಟ್ರಾನಿನ ಧನ ಆವೇಶದ ಪ್ರತಿಕಣವನ್ನು, ಹೊರಸೂಸುವ ಸೋಡಿಯಂ-22 ಲವಣವನ್ನು ತೆಳುವಾದ ಕ್ಯಾಪ್ಟಾನ್ ಪ್ಲಾಸ್ಟಿಕ್ ಹಾಳೆಗಳ ನಡುವೆ ಮುಚ್ಚಿ, ಅದರ ಎರಡೂ ಬದಿಗೆ ಒಂದೇ ಮಾದರಿಯ ತುಂಡುಗಳನ್ನು ಒತ್ತಿ ಇಡುತ್ತೇವೆ. ಪಾಸಿಟ್ರಾನ್ ಹುಟ್ಟಿದ ಗಳಿಗೆಯನ್ನು 1274 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣವೂ ಅದು ಅಳಿದ ಗಳಿಗೆಯನ್ನು 511ರ ಕಿರಣವೂ ತಿಳಿಸುತ್ತವೆ. ಪಾಸಿಟ್ರಾನ್ ಒಂದು ಎಲೆಕ್ಟ್ರಾನಿನೊಡನೆ ಕೂಡಿ ಆಗುವ ಜೋಡಿಯೇ ಪಾಸಿಟ್ರೋನಿಯಂ. ಅದರ ಹೆಚ್ಚು ಬಾಳುವ ಬಗೆಯಾದ, ನಿರ್ವಾತದಲ್ಲಿ 142 ನ್ಯಾನೊಸೆಕೆಂಡ್ ಉಳಿಯುವ ಆರ್ಥೋ-ಪಾಸಿಟ್ರೋನಿಯಂ, ಪಾಲಿಮರಿನ ರಂಧ್ರದೊಳಗೆ ಗೋಡೆಯ ಎಲೆಕ್ಟ್ರಾನ್ ಒಂದರೊಡನೆ ಅಳಿಯುವುದರಿಂದ ಕೆಲವೇ ನ್ಯಾನೊಸೆಕೆಂಡ್ ಉಳಿಯುತ್ತದೆ. ರಂಧ್ರ ದೊಡ್ಡದಾದಷ್ಟೂ ಅದರ ಆಯಸ್ಸು ಹೆಚ್ಚು. ಟಾವೊ-ಎಲ್ಡ್ರಪ್ ಸೂತ್ರದಂತೆ 2 ನ್ಯಾನೊಸೆಕೆಂಡ್ ಆಯಸ್ಸೆಂದರೆ ಸುಮಾರು 0.29 ನ್ಯಾನೊಮೀಟರ್ ತ್ರಿಜ್ಯ.

ಆಯಸ್ಸಿನ ಜೊತೆಗೆ ತೀವ್ರತೆ ಎಂಬ ಇನ್ನೊಂದು ಅಂಕಿಯೂ ಸಿಗುತ್ತದೆ: ಒಟ್ಟು ಪಾಸಿಟ್ರಾನ್ ಅಳಿವುಗಳಲ್ಲಿ ಆರ್ಥೋ-ಪಾಸಿಟ್ರೋನಿಯಂ ಆಗಿ ಅಳಿದವುಗಳ ಪಾಲು. ಅದನ್ನು ರಂಧ್ರಗಳ ಸಂಖ್ಯೆಯೆಂದು ಹಿಡಿದು, ರಂಧ್ರದ ಗಾತ್ರದಿಂದ ಗುಣಿಸಿ ಮುಕ್ತ ಗಾತ್ರದ ಪಾಲನ್ನು ಹೇಳುವ ರೂಢಿ ವ್ಯಾಪಕವಾಗಿದೆ. ಬ್ರೋಮಿನ್ ಇರುವ ಅಗ್ನಿರೋಧಕವನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿದ ಮಾದರಿಗಳು ನಮ್ಮ ಬಳಿಗೆ ಬಂದಾಗ ಆ ರೂಢಿಯನ್ನು ಬಿಡುವ ಪ್ರಸಂಗ ಎದುರಾಯಿತು: ತೀವ್ರತೆ ಒಂದೇ ಸಮನೆ ಇಳಿಯುತ್ತಿತ್ತು, ಆದರೆ ಆಯಸ್ಸು ಇದ್ದಲ್ಲೇ ಇತ್ತು, ಗಾಜು ಸ್ಥಿತ್ಯಂತರದ ತಾಪವಾಗಲಿ (ಗಾಜಿನಂತೆ ಗಡುಸಾದ ಪಾಲಿಮರ್ ಮೆದುವಾಗುವ ತಾಪ) ಅನಿಲ ಹಾಯುವ ದರವಾಗಲಿ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಪಾಸಿಟ್ರಾನ್ ತನ್ನ ದಾರಿಯ ಕೊನೆಯಲ್ಲಿ ಸಾಮಾನ್ಯವಾಗಿ ತಾನೇ ಬಿಡಿಸಿದ ಎಲೆಕ್ಟ್ರಾನ್‌ಗಳಲ್ಲೊಂದನ್ನು ಕೂಡಿಕೊಂಡು ಪಾಸಿಟ್ರೋನಿಯಂ ಆಗುತ್ತದೆ. ಹ್ಯಾಲೊಜನ್ ಇರುವ ಅಣುಗಳು ಆ ಎಲೆಕ್ಟ್ರಾನ್‌ಗಳನ್ನು ಮೊದಲೇ ಹಿಡಿದುಕೊಂಡರೆ, ರಂಧ್ರಗಳು ಎಷ್ಟಿದ್ದರೂ ಅವುಗಳೊಳಗೆ ಹೋಗಲು ಪಾಸಿಟ್ರೋನಿಯಮ್ಮೇ ಇರುವುದಿಲ್ಲ. ಅಲ್ಲಿ ಕುಗ್ಗಿದ್ದು ಮುಕ್ತ ಗಾತ್ರವಲ್ಲ, ಪಾಸಿಟ್ರೋನಿಯಂ ಹುಟ್ಟುವ ಅವಕಾಶ.

ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಇನ್ನೂ ಮನವರಿಕೆ ಮಾಡಿಸುವಂಥದು. ಪಾಲಿಎಥಿಲೀನನ್ನು ಕಡಿಮೆ ತಾಪದಲ್ಲಿ, ಕತ್ತಲಲ್ಲಿ ಅಳೆಯುತ್ತಾ ಹೋದರೆ ಸೆರೆಸಿಕ್ಕ ಎಲೆಕ್ಟ್ರಾನ್‌ಗಳು ಸೇರುತ್ತಾ ತೀವ್ರತೆ ಗಂಟೆಗಟ್ಟಲೆ ಏರುತ್ತದೆ. ಪಾಸಿಟ್ರಾನ್ ಅವುಗಳನ್ನೂ ಕೂಡಿಕೊಳ್ಳಬಲ್ಲದು. ಮಾದರಿಯ ಮೇಲೆ ಬೆಳಕು ಬಿಟ್ಟೊಡನೆ ಅವು ಸೆರೆಯಿಂದ ಬಿಡುಗಡೆಯಾಗಿ ತೀವ್ರತೆ ಮತ್ತೆ ಇಳಿಯುತ್ತದೆ. ಬೆಳಕಿನಿಂದ ರಂಧ್ರಗಳು ಮುಚ್ಚಿಹೋದವೆಂದು ಯಾರೂ ವಾದಿಸಲಾರರು.

ಹೀಗಾಗಿ ನಾವು ಈಗ ವರದಿಯಲ್ಲಿ ಆಯಸ್ಸನ್ನೂ ತೀವ್ರತೆಯನ್ನೂ ಗುಣಿಸದೆ ಬೇರೆಬೇರೆಯಾಗಿಯೇ ಕೊಡುತ್ತೇವೆ, ಮಾದರಿಯ ರಾಸಾಯನಿಕ ಘಟಕಗಳನ್ನೂ ಅದು ಕಂಡ ಬಿಸಿ ಮತ್ತು ಬೆಳಕಿನ ವಿವರವನ್ನೂ ಪಕ್ಕದಲ್ಲೇ ಬರೆಯುತ್ತೇವೆ, ಮುಕ್ತ ಗಾತ್ರದ ಪಾಲು ಬೇಕೇಬೇಕೆಂದಾಗ ಅದನ್ನು ಒತ್ತಡ-ಗಾತ್ರ-ತಾಪ ಮಾಪನದೊಡನೆ ಹೊಂದಿಸಿ ನೋಡಿದ ಮೇಲೆಯೇ ಕೊಡುತ್ತೇವೆ.