ಎಂಟೋ, ಹದಿನೇಳೋ?

ಶುಕ್ರವಾರ, 11 ಅಕ್ಟೋಬರ್ 2024

ಆಯುಧಪೂಜೆ. ವಾದ್ಯಗಳಿಗೂ ಅರಿಶಿನ ಕುಂಕುಮ ಬೀಳುವ ದಿನ. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥ್ ತೀರಿಕೊಂಡು ಇವತ್ತಿಗೆ ಸರಿಯಾಗಿ 5 ವರ್ಷ. ಅವರ ಕಛೇರಿಯ ಫೈಲಿಗೆ ‘ಪ್ರಕಾರ’ ಅನ್ನುವಲ್ಲಿ ಏನು ತುಂಬಬೇಕು?

ಹಾಡಿನ ಹೆಸರು, ಕಲಾವಿದ, ಪ್ರಕಾರ ಎಲ್ಲವನ್ನೂ ಎಂಪಿ3 ಫೈಲಿನೊಳಗೇ ಬರೆದಿಡುವ ಚೀಟಿಗೆ ಐಡಿ3 ಟ್ಯಾಗ್ ಅನ್ನುತ್ತಾರೆ. ಅದರ ಹಳೇ ಆವೃತ್ತಿಯಲ್ಲಿ ಪ್ರಕಾರಕ್ಕೆ ಇದ್ದದ್ದು ಒಂದೇ ಬೈಟ್. ಹಾಕಿದರೆ ಒಂದು ಪ್ರಕಾರದ ಸಂಖ್ಯೆ, ಎರಡನೇ ಪ್ರಕಾರಕ್ಕೆ ಜಾಗವಿಲ್ಲ. 8 ಜಾಝ್, 17 ರಾಕ್, 30 ಫ್ಯೂಷನ್, 32 ಕ್ಲಾಸಿಕಲ್, 48 ಎಥ್ನಿಕ್, ಏನೂ ತೋಚದಿದ್ದರೆ 12, ‘ಇತರೆ’. 0ಯಿಂದ 79ರವರೆಗಿನ ಆ ಮೂಲ ಪಟ್ಟಿಯಲ್ಲಿ ಕರ್ನಾಟಕ ಸಂಗೀತ ಇಲ್ಲವೇ ಇಲ್ಲ. (ಪೋಲ್ಕಾ ಇದೆ!)

30 ಹಾಕಿ ಕೊಟ್ಟರೆ ಕೇಳುಗ ಡ್ರಮ್ಸ್ ಯಾವಾಗ ಶುರುವಾಗುತ್ತೆ ಅಂತ ಕಾಯುತ್ತಾನೆ. ಆಲಾಪನೆ ಅವನಿಗೆ ಮುಗಿಯದ ಪೀಠಿಕೆ. 32 ಹಾಕಿದರೆ ಅದೇ ಆಲಾಪನೆಯಲ್ಲಿ ಗಮಕ ಹುಡುಕುತ್ತಾನೆ. ಇದೇ ಕದ್ರಿಯವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ ಆಲ್ಬಮ್ ‘ಕಿನ್ಸ್‌ಮೆನ್’ (2008) ಹೋಗಿ ಕೂತದ್ದು ಜಾಝ್ ಕಪಾಟಿನಲ್ಲಿ. ಯಾವುದಕ್ಕೆ ಕಾಯಬೇಕು, ಎಲ್ಲಿ ಬೇಸರಪಡಬೇಕು ಅನ್ನುವುದನ್ನು ಚೀಟಿ ಮೊದಲೇ ಕಿವಿಗೆ ಊದಿರುತ್ತದೆ.

ಅಮೆರಿಕದ ರಾಕ್ ತಂಡ ಸ್ಟೀಲಿ ಡ್ಯಾನ್‌ನ ‘ಏಜಾ’ (1977) ಇದಕ್ಕೆ ಒಳ್ಳೇ ಸಾಮಗ್ರಿ. ಹತ್ತಿರ ಹತ್ತಿರ 8 ನಿಮಿಷದ ಹಾಡು. ನಡುವೆ ಜಾಝ್ ವಾದಕ ವೇಯ್ನ್ ಶಾರ್ಟರ್ ಟೆನರ್ ಸ್ಯಾಕ್ಸ್, ಅದರಡಿಯಲ್ಲಿ ಸ್ಟೀವ್ ಗ್ಯಾಡ್ ಡ್ರಮ್ಸ್ ಕುದಿಯುತ್ತಾ ಏರುತ್ತದೆ. 17 ಅಂದುಕೊಂಡು ಕೇಳಿದವನಿಗೆ ಅದು ಹಾಡಿನ ಶಿಖರ. 8 ಅಂದುಕೊಂಡವನು ‘ಅಷ್ಟೇನಾ, ಇಷ್ಟು ಬೇಗ ಮುಗಿಯಿತಾ’ ಅನ್ನುತ್ತಾನೆ. ಗಾಯಕಿ ನೋರಾ ಜೋನ್ಸ್‌ಗೆ ಆದದ್ದೂ ಇದೇ: 2002ರ ಮೊದಲ ಆಲ್ಬಮ್ ಬ್ಲೂ ನೋಟ್‌ನಿಂದ ಬಂತು, 1939ರಲ್ಲಿ ಶುರುವಾದ ಆ ಜಾಝ್ ಕಂಪನಿಯ ಮುದ್ರೆ ನೋಡಿದವರಿಗೆ ‘ಇದರಲ್ಲಿ ಜಾಝ್ ಎಲ್ಲಿ’ ಎಂಬ ತಕರಾರು. ಪಾಪ್ ಅಂತ ಕೊಂಡವರಿಗೆ ಯಾವ ತಕರಾರೂ ಇರಲಿಲ್ಲ.

ಚೀಟಿ ಕಿವಿಯನ್ನು ನಿಜಕ್ಕೂ ಬದಲಿಸುತ್ತದಾ ಅಂತ ಪರೀಕ್ಷೆ ಮಾಡುವುದಿದ್ದರೆ ಹೀಗೆ. ಸೋಲೋ, ಅಂದರೆ ಒಂದು ವಾದ್ಯವೇ ಮುಂದೆ ಬಂದು ನುಡಿಸುವ ಭಾಗ, ಶುರುವಾಗುವ ಜಾಗ ಒಳಗೆ ಬರುವಂತೆ 90 ಸೆಕೆಂಡು ಕತ್ತರಿಸಿ. ಎಲ್ಲ ತುಣುಕುಗಳ ಜೋರನ್ನೂ ಒಂದೇ ಮಟ್ಟಕ್ಕೆ, −16 ಲಫ್ಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ), ತನ್ನಿ. ಒಂದು ತುಸು ಜೋರಾಗಿದ್ದರೂ ಜನ ಅದನ್ನೇ ‘ಚೆನ್ನಾಗಿದೆ’ ಅಂತಾರೆ. ಒಂದು ಗುಂಪಿಗೆ ‘ಜಾಝ್’, ಇನ್ನೊಂದಕ್ಕೆ ‘ರಾಕ್’ ಅಂತ ಬರೆದ ಹಾಳೆ. ‘ಇಷ್ಟವಾಯಿತಾ’ ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ‘ನಿಲ್ಲಿಸೋಣ ಅನ್ನಿಸಿದ್ದು ಎಷ್ಟನೇ ಸೆಕೆಂಡಿಗೆ’ ಅಂತ ಬರೆಸಿ. ಹಾಡು ಮೊದಲೇ ಗೊತ್ತಿದ್ದವರ ಹಾಳೆ ಪಕ್ಕಕ್ಕಿಡಿ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಫೈಲಿನ ಹೆಸರು ಬದಲಾಯಿಸಿ ಟ್ಯಾಗನ್ನೂ ಮುಖಪುಟದ ಚಿತ್ರವನ್ನೂ ಅಳಿಸದೆ ಬಿಟ್ಟರೆ ಪ್ಲೇಯರಿನ ಪರದೆಯೇ ಗುಟ್ಟು ಬಿಟ್ಟುಕೊಡುತ್ತದೆ. ಎರಡನೆಯದಕ್ಕೆ ಪೂರ್ತಿ ಮದ್ದಿಲ್ಲ: ಸ್ಯಾಕ್ಸೊಫೋನೇ ಒಂದು ಚೀಟಿ. ಊದಿದ ಕೂಡಲೇ ಹಾಳೆಯಲ್ಲಿ ಏನೇ ಬರೆದಿರಲಿ, ‘ಓ, ಜಾಝು’. ಹಾಗಾಗಿ ಅರ್ಧದಷ್ಟು ತುಣುಕುಗಳಾದರೂ ಸ್ಯಾಕ್ಸ್ ಇಲ್ಲದವಾಗಿರಲಿ.

ಕದ್ರಿಯವರ ಫೈಲಿಗೆ ಐಡಿ3ಯ ಎರಡನೇ ಆವೃತ್ತಿ ಬಳಸಿದರಾಯಿತು. ಅಲ್ಲಿ ಅಂಕಿಯ ಹಂಗಿಲ್ಲ, ‘ಕರ್ನಾಟಕ ಸಂಗೀತ’ ಅಂತ ಕನ್ನಡದಲ್ಲೇ ಬರೆಯಬಹುದು. ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಕ್ರಮ) ಯುಟಿಎಫ್-16 ಇರಲಿ. ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್-1ರಲ್ಲೇ ಉಳಿದರೆ ಪ್ರಕಾರದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ.